ಮೆಟ್ಟಿಲಕ್ಷರದಲ್ಲಿ ನನ್ನ ಹೆಸರು

ನಮ್ಮೂರಿನಲ್ಲಿ ಯಾರಾದರೂ ಪೇಪರನ್ನು ಮುಖದ ಮುಂದೆ ಎತ್ತಿ ಹಿಡಿದು ಓದುತ್ತಿದ್ದರೆ ಅವರು ಬೇರೆ ಊರಿನವರು ಎಂದು ತಿಳಿದುಕೊಳ್ಳಬೇಕು. ನಾವು ಪೇಪರನ್ನು ನೆಲದ ಮೇಲೆ ಹಾಸಿ, ಸುತ್ತ ಕೂತು, ಬಗ್ಗಿ ಓದುವವರು. ಎತ್ತಿ ಹಿಡಿದರೆ ಅಕ್ಷರಗಳು ಜಾರುತ್ತವೆ. ಮೊದಲು ಒಂದೆರಡು ಜಾರುತ್ತವೆ, ಆಮೇಲೆ ಸಾಲಿಗೆ ಸಾಲೇ ಬಂದು ಮಡಿಲಿಗೆ ಬೀಳುತ್ತದೆ. ಎದ್ದು ಪಂಚೆ ಕೊಡವಿಕೊಂಡರೆ ಸುದ್ದಿಯೆಲ್ಲ ಅಂಗಳದ ಪಾಲು. ಶಾಲೆಯಲ್ಲಿ ಕರಿಹಲಗೆ ನೆಲದ ಮೇಲೇ ಮಲಗಿರುತ್ತದೆ, ಮಕ್ಕಳು ಸುತ್ತ ನಿಂತು ಬಾವಿ ಇಣುಕುವ ಹಾಗೆ ಇಣುಕಿ ಮಗ್ಗಿ ಕಲಿಯುತ್ತಾರೆ. ಮದುವೆ ಕಾಗದವನ್ನು ಹಾಲು ತುಂಬಿದ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು ತಂದುಕೊಡಬೇಕು. ಅವಸರದ ಸೋದರಮಾವಂದಿರು ಕಂಕುಳಲ್ಲಿ ಇಟ್ಟುಕೊಂಡು ಬಂದು ಖಾಲಿ ಕಾಗದ ಕೊಟ್ಟುಹೋಗುವುದೂ ಉಂಟು. ಆಗ ಮನೆಯವರೆಲ್ಲ ಕೂತು ಯಾರ ಮದುವೆ ಇರಬಹುದು ಎಂದು ತಲೆ ಕೆರೆದುಕೊಂಡು, ಯಾವುದಕ್ಕೂ ಇರಲಿ ಎಂದು ಎರಡು ಮೂರು ಛತ್ರಕ್ಕೆ ಹೋಗಿ ಉಂಡು ಬರುತ್ತಾರೆ.

ಗೋಡೆಯ ಕತೆಯನ್ನಂತೂ ಕೇಳಲೇಬೇಡಿ. ಬೆಳಿಗ್ಗೆ ಬಣ್ಣದಲ್ಲಿ ಬರೆದದ್ದು ಮಧ್ಯಾಹ್ನದೊಳಗೆ ಗೋಡೆಯ ಬುಡದಲ್ಲಿ ಬಿದ್ದಿರುತ್ತಿತ್ತು. ನಮ್ಮ ಅಕ್ಷರಗಳು ಗುಂಡಗಿನವು, ಬಿದ್ದಲ್ಲೇ ಇರುವ ಜಾತಿಯಲ್ಲ, ಉರುಳುತ್ತವೆ. ಪೇಟೆ ಬೀದಿ ಬೇರೆ ಇಳಿಜಾರು. 'ರ', 'ಠ'ಗಳು ಮೀನು ಮಾರ್ಕೆಟ್ಟಿನ ತನಕ ಉರುಳಿಕೊಂಡು ಹೋಗಿ ಚರಂಡಿಯಲ್ಲಿ ಕಟ್ಟಿಕೊಳ್ಳುತ್ತಿದ್ದವು. ಅದಕ್ಕೇ ನಾನು ಚಿಕ್ಕವಳಿದ್ದಾಗ ಊರಿನಲ್ಲಿ ಬೋರ್ಡು ಎಂಬುದೇ ಇರಲಿಲ್ಲ. ಅಂಗಡಿಗಳನ್ನು ಬಾಗಿಲಿನ ಬಣ್ಣದಿಂದ, ಒಳಗಿನ ವಾಸನೆಯಿಂದ ಗುರುತಿಸುತ್ತಿದ್ದೆವು. ನೆಗಡಿ ಬಂದವರು ಔಷಧಿ ಅಂಗಡಿ ಹುಡುಕಿಕೊಂಡು ಹೊರಟು ಗೊಬ್ಬರದ ಅಂಗಡಿಯಲ್ಲಿ ಹೋಗಿ ನಿಂತಿರುತ್ತಿದ್ದರು.

ಇದನ್ನು ಬದಲಿಸಿದವನು ರುಕ್ಮಾಂಗದ. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ವಿಡಿಯೋ ಗೇಮ್ ಅಂಗಡಿ. ನಾವೆಲ್ಲ ಮಕ್ಕಳಾಗಿದ್ದಾಗ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಆ ದೊಡ್ಡ ದೊಡ್ಡ ಪೆಟ್ಟಿಗೆಗಳೂ ರುಕ್ಮಾಂಗದನೂ ಮಾತ್ರ ಉಳಿದರು. ಆಳು ನೋಡಲು ಜೋರು: ತಿರುವಿದ ಮೀಸೆ, ಇಸ್ತ್ರಿ ಮಾಡಿದ ಶರ್ಟು, ಕಿವಿಯ ಮೇಲೊಂದು ಪೆನ್ಸಿಲು. ಮಾತು ಇನ್ನೂ ಜೋರು. ಗಿರಾಕಿ ಇಲ್ಲದಿದ್ದರೂ ಜೊತೆಗಿರಲಿ ಎಂದು ಪೆಟ್ಟಿಗೆಗಳನ್ನು ಚಾಲೂ ಇಟ್ಟುಕೊಂಡು ಕೂರುತ್ತಿದ್ದ. ಒಂದು ದಿನ ಅವನ ಕಣ್ಣಿಗೆ ಬಿತ್ತಂತೆ: ಉಳಿದ ಪೆಟ್ಟಿಗೆಗಳ ಪರದೆಯಲ್ಲಿ ಅಕ್ಷರಗಳು ಸಂಜೆಯೊಳಗೆ ಜಾರಿ ತಳದಲ್ಲಿ ಕಸದ ಹಾಗೆ ಬಿದ್ದಿರುತ್ತವೆ, ಎಲ್ಲಕ್ಕಿಂತ ಹಳೆಯದೊಂದು ಪೆಟ್ಟಿಗೆಯಲ್ಲಿ ಮಾತ್ರ ಆಟದ ಹೆಸರು ನೆಟ್ಟಗೆ ನಿಂತೇ ಇದೆ. ನಾವೆಲ್ಲ ಅದೇ ಪೆಟ್ಟಿಗೆಯ ಮುಂದೆ ಬಾಲ್ಯ ಕಳೆದವರು, ಒಬ್ಬರಿಗಾದರೂ ಹೊಳೆದಿತ್ತೇ? ಅವನು ಭೂತಗನ್ನಡಿ ಹಿಡಿದು ನೋಡಿದ. ಆ ಇಂಗ್ಲಿಷ್ ಅಕ್ಷರಗಳು ಗೆರೆಯಲ್ಲಿ ಬರೆದವಲ್ಲ, ಪುಟ್ಟ ಪುಟ್ಟ ಚೌಕಗಳನ್ನು ಜೋಡಿಸಿ ಕಟ್ಟಿದವು. ಜೊತೆಗೆ ಪ್ರತಿ ಅಕ್ಷರದ ಬುಡದಲ್ಲಿ ಎರಡೂ ಕಡೆಗೆ ಚಾಚಿದ ಚಿಕ್ಕ ಪಾದಗಳಿದ್ದವು.

ಅಂದೇ ಅವನು ಗ್ರಾಫ್ ಹಾಳೆ ತಂದು ಕೂತ. ಇಂಗ್ಲಿಷ್ ಅಕ್ಷರಕ್ಕೆ ಹುಟ್ಟಿನಿಂದಲೇ ಕಾಲಿದೆ. ನಮ್ಮವೆಲ್ಲ ಚಕ್ಕಳಮಕ್ಕಳ ಹಾಕಿ ಕೂತಿರುವಂಥವು. ಅವನ್ನು ಚೌಕದಲ್ಲಿ ಕಟ್ಟುವುದೆಂದರೆ ಇಟ್ಟಿಗೆಯಲ್ಲಿ ಲಾಡು ಕಟ್ಟಿದ ಹಾಗೆ. ಕಟ್ಟಿಯೇ ಕಟ್ಟಿದ. ಆ ಅಕ್ಷರವನ್ನು ನೀವು ನೋಡಬೇಕು. ಹತ್ತಿರ ನಿಂತರೆ ಬರೀ ಮೆಟ್ಟಿಲು, ಒಂದು ಚೌಕ ಪಕ್ಕಕ್ಕೆ, ಒಂದು ಚೌಕ ಕೆಳಕ್ಕೆ. ರಸ್ತೆಯಾಚೆ ಹೋಗಿ ತಿರುಗಿ ನೋಡಿದರೆ ಮೆಟ್ಟಿಲೆಲ್ಲ ಕರಗಿ ನಮ್ಮ ದುಂಡು ಅಕ್ಷರವೇ. ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳ್ಳಗೆ, ಹಾಗಾಗಿ ಕಡ್ಡಿ ಜೋಡಿಸಿದ ಹಾಗೆ ಕಾಣದೆ ಒಳ್ಳೆಯ ಕೈಬರಹದ ಏರಿಳಿತ ಅದರಲ್ಲಿತ್ತು. ತಲೆಕಟ್ಟಿನ ತುದಿಯಲ್ಲಿ ಒಂದೇ ಒಂದು ಚೌಕ ಕೆಳಗಿಳಿದಿತ್ತು, ಟೋಪಿಯ ಅಂಚನ್ನು ಬೇಕೆಂದೇ ಬಗ್ಗಿಸಿಕೊಂಡ ಹಾಗೆ. ಬುಡದಲ್ಲಿ ಭದ್ರವಾದ ಪಾದ. ಹಳೆಯ ಕಾಲದ ಗತ್ತೂ ಇತ್ತು, ಆಟದ ಪೆಟ್ಟಿಗೆಯ ತುಂಟತನವೂ ಇತ್ತು. ಊರಿನವರು ಅದಕ್ಕೆ ಮೆಟ್ಟಿಲಕ್ಷರ ಎಂದು ಹೆಸರಿಟ್ಟರು. ಮರದ ಚೌಕಗಳಿಗೆ ಕಪ್ಪು ಬಣ್ಣ ಬಳಿದು, ಅಂಟು ಹಚ್ಚಿ ಗೋಡೆಗೆ ಕೂರಿಸಿದರೆ ಗಾಳಿ ಬರಲಿ ಮಳೆ ಬರಲಿ, ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

ಆಮೇಲೆ ನೋಡಿ ಊರಿನ ಸಡಗರ. ನೇಯುವವರಿಗೆ ಇದು ಹೊಸದೆಂದೇ ಅನ್ನಿಸಲಿಲ್ಲ. ಎಳೆ ಎಣಿಸುವುದು ಅವರಿಗೆ ದಿನದ ಕೆಲಸ. ಗ್ರಾಫ್ ಹಾಳೆಯನ್ನು ಮಗ್ಗದ ಪಕ್ಕ ಇಟ್ಟುಕೊಂಡು ಮದುಮಗಳ ಹೆಸರನ್ನು ಸೆರಗಿನಲ್ಲೇ ನೇಯ್ದುಕೊಟ್ಟರು. ಮೊಸಾಯಿಕ್ ಹಾಕುವವರು ಬಾಗಿಲ ಪಕ್ಕದ ಗೋಡೆಯಲ್ಲಿ ಮನೆಯ ಹೆಸರು ಕೂರಿಸಿದರು. ಕ್ರಿಕೆಟ್ ಟೀಮಿನವರು ಟೀ ಶರ್ಟಿನ ಬೆನ್ನ ಮೇಲೆ ಹಾಕಿಸಿಕೊಂಡು, ಅಕ್ಷರ ತೋರಿಸಲೆಂದೇ ಬೆನ್ನು ತಿರುಗಿಸಿ ನಿಂತು ಕ್ಯಾಚು ಬಿಟ್ಟರು. ಆರ್ಕೆಸ್ಟ್ರಾದವರ ಪೋಸ್ಟರು, ಸೋಡಾ ಬಾಟಲಿಯ ಚೀಟಿ, ಟಾಕೀಸಿನ ನೆತ್ತಿಯ ಮೇಲಿನ ಬಲ್ಬಿನ ಸಾಲು, ಎಲ್ಲ ಕಡೆಯೂ ಅದೇ. ಬೇಕರಿಯವನು ಬಣ್ಣದ ಸಕ್ಕರೆ ಚೌಕಗಳಲ್ಲಿ ಮಗುವಿನ ಹೆಸರು ಕಟ್ಟಿದ ಕೇಕನ್ನು ಓರೆ ಮಾಡಿ ಹಿಡಿದು ಫೋಟೊ ತೆಗೆಸಿಕೊಳ್ಳಬಹುದಿತ್ತು. ಕೊನೆಗೆ ಗೋರಿಯ ಕಲ್ಲಿಗೂ ಬಂತು. ಅಲ್ಲಿಯವರೆಗೆ ನಮ್ಮಲ್ಲಿ ಸತ್ತವರ ಹೆಸರು ಕಲ್ಲಿನಿಂದ ಜಾರಿ ಹುಲ್ಲಿಗೆ ಸೇರಿಹೋಗುತ್ತಿತ್ತು. ತನ್ನ ತಾಯಿಯ ಹೆಸರು ಕಲ್ಲಿನ ಮೇಲೆ ನಿಂತದ್ದು ನೋಡಿ ಹಾಜಿರಾಬಿ ಅತ್ತುಬಿಟ್ಟಳು. ಹಾಜಿರಾಬಿ ಬಳೆ ಅಂಗಡಿಯವಳು, ಮಾರ್ಕೆಟ್ ಕಮಿಟಿಯ ಅಧ್ಯಕ್ಷೆ, ಸುಲಭಕ್ಕೆ ಅಳುವ ಹೆಂಗಸಲ್ಲ. ಒಂದೇ ಅಕ್ಷರ ಮದುವೆ ಸೆರಗಿಗೂ ಒಪ್ಪುತ್ತದೆ, ಗೋರಿಗೂ ಒಪ್ಪುತ್ತದೆ ಎಂದರೆ ಅದನ್ನು ಕಟ್ಟಿದವನಿಗೆ ನಾನು ಕೈ ಮುಗಿಯುತ್ತೇನೆ.

ಒಂದೇ ಒಂದು ಕೊರತೆಯಿತ್ತು. ಒತ್ತಕ್ಷರ ನಿಲ್ಲುತ್ತಿರಲಿಲ್ಲ. ಒತ್ತಕ್ಷರ ಅಕ್ಷರದ ಕೆಳಗೆ ಜೋತುಬೀಳುವಂಥದ್ದು. ಮೇಲಿನ ಅಕ್ಷರ ಪಾದ ಚಾಚಿಕೊಂಡು ನಿಂತುಬಿಟ್ಟರೆ ಕೆಳಗಿನದಕ್ಕೆ ಹಿಡಿದುಕೊಳ್ಳಲು ಏನಿದೆ? ಕೂರಿಸಿದ ಗಳಿಗೆಯಲ್ಲೇ ಬಿದ್ದುಹೋಗುತ್ತಿತ್ತು. ರುಕ್ಮಾಂಗದ ತಲೆ ಕೆಡಿಸಿಕೊಳ್ಳಲಿಲ್ಲ. "ಬಾಲ ಇಲ್ದಿದ್ರೇ ಅಕ್ಷರ ಚೊಕ್ಕಟ," ಎಂದು ಒತ್ತುಗಳನ್ನು ಕೈಬಿಟ್ಟ. ಊರೂ ಒಗ್ಗಿಕೊಂಡಿತು. ಕಿರಾಣಿ ಅಂಗಡಿಗಳಲ್ಲಿ 'ಅಕಿ', 'ಎಣೆ', 'ಬೆಲ' ಮಾರಾಟಕ್ಕೆ ಬಂದವು. ಹಾಲು, ಮೊಸರು, ತೊಗರಿಬೇಳೆ ಮಾರುವವರು ಮಾತ್ರ ಎದೆಯುಬ್ಬಿಸಿ ಓಡಾಡಿದರು. ಒಬ್ಬ ಮರ್ಯಾದಸ್ಥ ವ್ಯಾಪಾರಿ 'ಅಕಿ' ಎಂದು ಹಾಕಿಸಲು ನಾಚಿ ಸಂಸ್ಕೃತದಲ್ಲಿ 'ತಂಡುಲ' ಎಂದು ಹಾಕಿಸಿದ. ಅದು ಯಾವುದೋ ಕಷಾಯದ ಬೇರು ಎಂದುಕೊಂಡು ಜನ ಅತ್ತ ತಲೆ ಹಾಕಲಿಲ್ಲ. ನಿಜವಾದ ಹೊಡೆತ ಬಿದ್ದದ್ದು ಜನರ ಹೆಸರಿಗೆ. ನಮ್ಮಲ್ಲಿ ಅಮ್ಮ, ಅಪ್ಪ, ಅಣ್ಣ, ಅಯ್ಯ ಸೇರದೆ ಹೆಸರು ಮುಗಿಯುವುದಿಲ್ಲವಲ್ಲ. ಗೋಡೆ ಏರಿದವರೆಲ್ಲ ನಂಜಪ, ಲಿಂಗಣ, ಗೌರಮ ಆದರು. ಅದು ಬೇಡವೆಂದವರು ಸ್ವಂತ ಹೆಸರನ್ನೇ ಬಿಟ್ಟು ಕಮಲ, ವಿಜಯ, ಮಯೂರ ಎಂದು ಸಿಕ್ಕಿದ್ದನ್ನು ಇಟ್ಟುಕೊಂಡರು.

ನನ್ನ ಹೆಸರು ಸಣ್ಣತಾಯಮ್ಮ. ಒಂದಲ್ಲ, ಎರಡು ಒತ್ತು. ನನ್ನ ಅಣ್ಣ ಮಾಯಿಗಯ್ಯನ ಹೋಟೆಲಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ನಿಂತು ನನ್ನ ತಲೆ ನರೆಯಲು ಶುರುವಾಗಿತ್ತು. ಹೋಟೆಲಿನ ಹೆಸರು 'ಉದಯ ವಿಹಾರ'. ಉದಯ ಯಾರು ಎಂದು ಕೇಳಬೇಡಿ, ಗೋಡೆಯಲ್ಲಿ ನಿಲ್ಲುತ್ತದೆ ಎಂದು ಇಟ್ಟದ್ದು ಅಷ್ಟೆ. ಜನ ಬರುತ್ತಿದ್ದದ್ದು ನನ್ನ ಮುದ್ದೆಗೆ, ಹುರುಳಿಕಾಳಿನ ಬಸ್ಸಾರಿಗೆ. ಹೊಗಳುತ್ತಿದ್ದದ್ದು ಉದಯ ವಿಹಾರವನ್ನು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು "ಉದಯ ವಿಹಾರದ ಬಸ್ಸಾರು ಉಂಡಿದ್ದೀರಾ?" ಎಂದು ನನ್ನನ್ನೇ ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅಣ್ಣ ಕೆಟ್ಟವನಲ್ಲ. ಹಬ್ಬಕ್ಕೆ ಸೀರೆ ಕೊಡಿಸುತ್ತಾನೆ, ನನಗೆ ಜ್ವರ ಬಂದರೆ ಹೋಟೆಲು ಮುಚ್ಚಿ ಪಕ್ಕದಲ್ಲಿ ಕೂರುತ್ತಾನೆ. ಆದರೆ ನಾನು ಬೇಯಿಸಿದ್ದು ನನ್ನದು ಎಂಬುದು ಅವನ ತಲೆಗೆ ಒಂದು ದಿನವೂ ಹೋಗಿರಲಿಲ್ಲ.

ಹೀಗಿರುವಾಗ ಬಸ್‌ಸ್ಟ್ಯಾಂಡಿನ ಮೂಲೆಯ ಮಳಿಗೆ ಖಾಲಿಯಾಯಿತು. ನಮ್ಮೂರಿನಲ್ಲಿ ಮಳಿಗೆ ಕೊಡುವ ಕ್ರಮ ಹೀಗೆ: ಬೇಕೆಂದವರು ಬೆಳಗಿನ ಮೊದಲ ಬಸ್ಸಿನ ಹೊತ್ತಿಗೆ ಅದರ ನೆತ್ತಿಯ ಮೇಲೆ ತಮ್ಮ ಬೋರ್ಡು ಕೂರಿಸಬೇಕು. ಬೀದಿದೀಪ ಹತ್ತುವವರೆಗೆ ಒಂದಕ್ಷರವೂ ಬೀಳದೆ ನಿಂತರೆ ಮಳಿಗೆ ಅವರದು. ಬಿದ್ದರೆ ಮುಂದಿನವರ ಸರದಿ, ಬಿದ್ದವರು ಮತ್ತೆ ಆ ಮಳಿಗೆಯನ್ನು ಕೇಳುವ ಹಾಗಿಲ್ಲ. ಮೊದಲ ಬಸ್ಸು ಬಂದ ಮೇಲೆ ಬೋರ್ಡಿಗೆ ಆನಿಕೆ ಕೊಡುವ ಹಾಗಿಲ್ಲ, ಏನನ್ನೂ ಸೇರಿಸುವ ಹಾಗಿಲ್ಲ, ಹೆಸರಿನವರ ಹೊರತು ಬೇರೆಯವರು ಮುಟ್ಟುವ ಹಾಗೂ ಇಲ್ಲ. ನಾನು ಹಾಜಿರಾಬಿಯ ಹತ್ತಿರ ಹೋಗಿ ಮೊದಲು ಕೇಳಿದೆ. ನನ್ನ ಹಿಂದೆಯೇ ಅಣ್ಣನೂ ಕೇಳಿದ, ಉದಯ ವಿಹಾರದ ಇನ್ನೊಂದು ಶಾಖೆಗೆ. ನನ್ನದು ಬಿದ್ದರೆ ಮಳಿಗೆ ಅವನದು, ಆ ಮಳಿಗೆಯ ಒಲೆಯ ಮುಂದೆ ಮತ್ತೆ ನಾನೇ.

"ಸಣ್ಣಿ, ಸುಮ್ನೆ ಯಾಕೆ ನಗೆಪಾಟಲಾಗ್ತೀಯ?" ಎಂದ ಅಣ್ಣ ಮನೆಯಲ್ಲಿ. "ಕಾವೇರಿ ಅಂತ್ಲೋ ಸರಸು ಅಂತ್ಲೋ ಹಾಕ್ಸು, ಹೆಂಗೂ ನಿಲ್ತದೆ. ಮಳಿಗೆ ನೀನೇ ಇಟ್ಕೊ, ನಾನ್ ಅಡ್ಡ ಬರಲ್ಲ. ನಿನ್ ಹೆಸ್ರು ನಿಲ್ಲಲ್ಲ ಕಣವ್ವ."

"ಸರಸು ಯಾರಣ್ಣ? ಅವ್ಳೇನು ನನ್ ಒಲೆ ಊದಿದ್ಲಾ?" ಎಂದು ಕೇಳಿ ಬಾಗಿಲು ದಡಾರನೆ ಹಾಕಿಕೊಂಡೆ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಉದಯನಿಗೆ ಬೇಯಿಸಿದೆ, ಇನ್ನು ಸರಸುಗೆ ಬೇಯಿಸಲು ನನ್ನಿಂದ ಆಗುತ್ತಿರಲಿಲ್ಲ.

ಬಸ್ಸಾರಿನ ಕ್ಯಾರಿಯರ್ ಹಿಡಿದುಕೊಂಡು ರುಕ್ಮಾಂಗದನ ಅಂಗಡಿಗೆ ಹೋದೆ. ಅವನು ಕ್ಯಾರಿಯರ್ ತೆಗೆದುಕೊಂಡ, ಮಾತನ್ನು ತೆಗೆದುಕೊಳ್ಳಲಿಲ್ಲ. "ಒತ್ತು ನಾನ್ ಮಾಡಲ್ಲ. ಅದಕ್ ಜಾಗ ಮಾಡ್ಬೇಕಾದ್ರೆ ಮೇಲಿಂದಕ್ಕೆ ಕತ್ರಿ ಹಾಕ್ಬೇಕು. ನಿನ್ ಹೆಸ್ರಲ್ಲಿ 'ಮ' ಬೇರೆ ಅದೆ. ನನ್ 'ಮ' ನೋಡಿದ್ದೀಯಾ ನೀನು?" ಎಂದ.

ನೋಡಿರಲಿಲ್ಲವೇ! ಮದನ ಸಲೂನಿನ ಬೋರ್ಡಿನಲ್ಲಿ ಅದನ್ನು ನೋಡಲೆಂದೇ ನಾನು ಸೊಪ್ಪು ತರುವಾಗ ಸುತ್ತು ಹಾಕಿಕೊಂಡು ಬರುತ್ತಿದ್ದೆ. ಎರಡು ಹೊಟ್ಟೆಗಳೂ ಒಂದೇ ಸಮ, ನಡುವೆ ಬೆಳಕಿಗೆಂದು ಬಿಟ್ಟ ಕಿಂಡಿ, ಬಲಗಡೆ ಮೇಲೇರಿ ಬಾಗಿದ ತೋಳು, ಕೆಳಗೆ ಮೂರು ಪಾದಗಳು. ಅವನ ಅಕ್ಷರಗಳಲ್ಲೆಲ್ಲ ಅದು ರಾಣಿ. ಹಾಗೆಂದು ಅವನಿಗೆ ಹೇಳಿದೆ. ಹೇಳಿ, "ಅಷ್ಟು ಚೆನ್ನಾಗಿರೋದ್ನ ಮಾಡ್ದೋರಿಗೆ ಇದೊಂದು ಆಗಲ್ಲ ಅಂದ್ರೆ ಬಿಡಿ, ಪಾಪ, ಎಲ್ಲಾ ಎಲ್ರಿಗೂ ಬರಲ್ಲ," ಎಂದೆ. ಮೀಸೆ ಅಲ್ಲಾಡಿತು. ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು.

ಮೊದಲು ಅವನು ಒತ್ತುಗಳನ್ನು ಮೇಲಿನ ಅಕ್ಷರಕ್ಕೆ ಕೊಕ್ಕೆಯಿಂದ ಸಿಕ್ಕಿಸಿ ನೋಡಿದ. ಅವು ಬೀಳುವಾಗ ಮೇಲಿನವನ್ನೂ ಎಳೆದುಕೊಂಡೇ ಬಿದ್ದವು. ಆಮೇಲೆ ಒತ್ತಿಗೇ ಕಾಲು ಕೊಡೋಣ ಎಂದುಕೊಂಡ. ಹಳೆಯ ಆಟದಲ್ಲಿ ಹಳ್ಳ ಹಾರಿಕೊಂಡು ಓಡುವ ಒಬ್ಬ ಮನುಷ್ಯನಿದ್ದಾನೆ. ಅವನ ಕಾಲು ನೋಡಿಕೊಂಡು, ಎರಡೂ ಪಾದ ಒಂದೇ ಕಡೆಗೆ ಇರುವ ಹಾಗೆ ಮಾಡಿದ. ಚೆಂದವಾಗಿಯೇ ಇತ್ತು. ಅಂಗಡಿಯ ಹೊರಗೋಡೆಗೆ ನನ್ನ ಹೆಸರು ಕೂರಿಸಿ ನಾವಿಬ್ಬರೂ ಒಳಗೆ ಹೋಗಿ ಚಾ ಕುಡಿಯುತ್ತಿದ್ದೆವು. ಹೊರಗೆ ಕೂಗಾಟ ಕೇಳಿಸಿತು. ಬಂದು ನೋಡಿದರೆ ನನ್ನ ಎರಡೂ ಒತ್ತುಗಳು ಗೋಡೆಯ ಮೇಲೆ ನಡೆದುಕೊಂಡು ಹೊರಟಿವೆ. 'ಣ'ದ ಒತ್ತು ಮುಂದೆ, 'ಮ'ದ ಒತ್ತು ಹಿಂದೆ. ಸೈಕಲ್ ಅಂಗಡಿ ದಾಟಿ, ಸಲೂನಿನ ಬೋರ್ಡಿನ ಕೆಳಗೆ ಹೋಗಿ ಮುಂದೆ ದಾರಿ ಕಾಣದೆ ನಿಂತವು. ಸಲೂನಿನವನು ಕತ್ತಿ ಹಿಡಿದುಕೊಂಡೇ ಹೊರಗೆ ಬಂದು, "ರೀ, ನಿಮ್ ಮಕ್ಳನ್ನ ಕರ್ಕೊಂಡ್ ಹೋಗ್ರೀ, ನನ್ ಬೋರ್ಡ್ ಹಾಳ್ ಮಾಡ್ತವೆ!" ಎಂದ. ಒಳಗೆ ಅರ್ಧ ಗಡ್ಡ ಹೆರೆಸಿಕೊಂಡವರೆಲ್ಲ ಎದ್ದು ಬಂದು ನಕ್ಕರು. ನಾನೂ ನಕ್ಕೆ, ಆಮೇಲೆ ಮನೆಗೆ ಹೋಗಿ ಅತ್ತೆ. ಬೋರ್ಡು ನಿಲ್ಲಿಸುವ ದಿನ ಹತ್ತಿರ ಬಂದಿತ್ತು.

ರುಕ್ಮಾಂಗದ ಅಂಗಡಿಯ ಬಾಗಿಲು ಹಾಕಿಕೊಂಡ. ನಾನು ಕ್ಯಾರಿಯರನ್ನು ಕಿಟಕಿಯಲ್ಲಿ ಇಟ್ಟು ಬರುತ್ತಿದ್ದೆ, ಖಾಲಿಯಾದದ್ದು ಮರುದಿನ ಅಲ್ಲೇ ಇರುತ್ತಿತ್ತು. ಒಂದು ಮಧ್ಯಾಹ್ನ ಅವನೇ ಉದಯ ವಿಹಾರದ ಹಿತ್ತಲಿಗೆ ಬಂದ. ಗಡ್ಡ ಬೆಳೆದಿತ್ತು, ಶರ್ಟಿಗೆ ಇಸ್ತ್ರಿ ಇರಲಿಲ್ಲ. ಗ್ರಾಫ್ ಹಾಳೆಯನ್ನು ಒರಳುಕಲ್ಲಿನ ಮೇಲೆ ಹಾಸಿದ. "ಇಷ್ಟ್ ದಿನ ಒತ್ತು ಜೋತ್ ಬೀಳ್ತದೆ ಅಂತ್ಲೇ ನೋಡ್ತಿದ್ದೆ ಕಣಮ್ಮ. ಅದೇ ತಪ್ಪು. ಇಲ್ನೋಡು."

ನೋಡಿದೆ. 'ಮ' ತನ್ನ ಬಲಗಾಲನ್ನು ಎತ್ತಿತ್ತು. ಅದರ ಕೆಳಗೆ ಒತ್ತು ಎರಡೂ ಕಡೆಗೆ ಪಾದ ಚಾಚಿ ತಾನೇ ಗಟ್ಟಿಯಾಗಿ ನಿಂತಿತ್ತು. ಎತ್ತಿದ ಬಲಗಾಲು ಬಂದು ಕೂತದ್ದು ಆ ಒತ್ತಿನ ತಲೆಯ ಮೇಲೆ. ಕೆಳಗಿನದು ಮೇಲಿನದಕ್ಕೆ ಭಾರವಾಗಿರಲಿಲ್ಲ. ಮೇಲಿನದನ್ನೇ ಅದು ಹೊತ್ತಿತ್ತು. 'ಣ'ಕ್ಕೂ ಹಾಗೆಯೇ. ಹಾಳೆಯ ತುಂಬ ಅಳಿಸಿದ ಗುರುತು, ಪೆನ್ಸಿಲಿನ ಮಸಿ. 'ಮ'ದ ಬಲಪಾದವಿದ್ದ ಜಾಗ ಮಾತ್ರ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ತನ್ನ ರಾಣಿಯ ಪಾದವನ್ನು ಅವನು ತಾನೇ ತೆಗೆದುಹಾಕಿದ್ದ. "ಮುದ್ದೆ ಬಿಸಿ ಐತೆ, ಉಣ್ಣಿ," ಎಂದೆ. ಅಷ್ಟು ಚೆಂದದ ಕೆಲಸವನ್ನು ನನ್ನ ಹೆಸರಿಗಾಗಿ ಯಾರಾದರೂ ಮಾಡಿಯಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆದರೂ ಹೆದರಿಕೆ ಬಿಡಲಿಲ್ಲ. ನಿಲ್ಲಿಸುವ ದಿನ ಬೆಳಿಗ್ಗೆ, ಮೊದಲ ಬಸ್ಸು ಬರುವ ಮುಂಚೆ ಅವನು ಏಣಿ ಹತ್ತಿ ಒಂದೊಂದೇ ಚೌಕ ಕೂರಿಸುತ್ತಿದ್ದಾಗ ನಾನು ಕೆಳಗೆ ನಿಂತು ಗೋಗರೆದೆ. ಆ ಕೊನೆಯ 'ಮ'ದ ಬಲಗಡೆ, ಒತ್ತಿನ ಪಕ್ಕದಲ್ಲಿ, ಒಂದೇ ಒಂದು ಚೌಕವನ್ನು ಊರುಗೋಲಿನ ಹಾಗೆ ಇಟ್ಟುಬಿಡಿ ಎಂದೆ. "ಅದು ಸುಳ್ಳು ಕಾಲು ಕಣಮ್ಮ, ಬೇಡ," ಎಂದ. "ಇಡಿ ಅಂದ್ರೆ ಇಡಿ, ಹೆಸ್ರು ನಂದು," ಎಂದು ನಾನು ರಂಪ ಮಾಡಿದೆ. ಹಲ್ಲು ಕಚ್ಚಿಕೊಂಡು ಇಟ್ಟು ಕೆಳಗಿಳಿದ.

ಬೆಳಗೆಲ್ಲ ನಿಂತಿತ್ತು. ಜನ ಚಾಪೆ ತಂದು ಹಾಸಿಕೊಂಡು ಕೂತರು. ನಮ್ಮಲ್ಲಿ ಬೋರ್ಡು ನಿಲ್ಲಿಸುವ ದಿನವೆಂದರೆ ಮ್ಯಾಚಿನ ಹಾಗೆ, ಕಡಲೆಕಾಯಿ ಮಾರುವವರೂ ಬರುತ್ತಾರೆ. ಗೋಡೆಯ ಮೇಲೆ ಒತ್ತು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಮುದುಕರು ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬಂದು ನೋಡಿದರು. ಗೌರಮ್ಮ ಎಂಬ ಹೂವಿನವಳು ಬುಟ್ಟಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತವಳು ಎಷ್ಟು ಹೊತ್ತಾದರೂ ಹೋಗಲಿಲ್ಲ. ಅಣ್ಣನೂ ಬಂದು ಎದುರಿನ ಜಗಲಿಯ ಮೇಲೆ ಕೂತ. ಅವನ ಪಕ್ಕದಲ್ಲಿ ಉದಯ ವಿಹಾರದ ಬೋರ್ಡಿನ ಚೌಕಗಳು ಚೀಲದಲ್ಲಿ ಸಿದ್ಧವಾಗಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ 'ಮ' ಅಲ್ಲಾಡತೊಡಗಿತು. ಮೊದಲು ನನಗೆ ಭ್ರಮೆ ಎನ್ನಿಸಿತು. ಆಮೇಲೆ ಜನ "ಓ" ಎಂದರು. ಅದು ಬಲಕ್ಕೆ ವಾಲಿತು, ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ. ಪ್ರತಿ ಸಲವೂ ಅಂಟು ಬಿಡುವ ಚಿಟಿಚಿಟಿ ಸದ್ದು. "ಹಿಡ್ಕೊಳ್ರೋ ಯಾರಾದ್ರೂ! ಕೋಲ್ ಕೊಡ್ರೋ!" ಎಂದು ಒಬ್ಬರು ಕೂಗಿಕೊಂಡರು. ತಿರುಗಿ ನೋಡಿದರೆ ಕೂಗಿದವನು ನನ್ನ ಅಣ್ಣ. ಬಿದ್ದರೆ ಮಳಿಗೆ ತನಗೇ ಎಂಬುದನ್ನು ಮರೆತು ಜಗಲಿಯಿಂದ ಎದ್ದು ನಿಂತಿದ್ದ.

"ಕೋಲ್ ಬೇಡ," ಎಂದ ರುಕ್ಮಾಂಗದ. "ಆ ಸುಳ್ಳು ಕಾಲು ತೆಗೀಬೇಕು. ನಾನ್ ಮುಟ್ಟಂಗಿಲ್ಲ. ನೀನೇ ತೆಗಿ."

"ಬೀಳ್ತಾ ಇರೋದ್ರ ಕೆಳಗಿಂದ ಕಾಲು ತೆಗೀತಾರೇನಯ್ಯ?" ಎಂದು ಅಣ್ಣ ಸಿಟ್ಟಿನಿಂದ ಕೂಗಿದ. ಜನವೂ ಬೇಡ ಬೇಡ ಎಂದರು. ಎಲ್ಲರೂ ಹಾಜಿರಾಬಿಯ ಕಡೆ ನೋಡಿದರು. ಅವಳು ಕೈಬಳೆಯನ್ನು ಹಿಂದೆ ಮುಂದೆ ಸರಿಸುತ್ತ ಯೋಚಿಸಿ, "ಸೇರಿಸ್ಬಾರ್ದು ಅಂತ ಐತೆ. ಹೆಸ್ರಿನೋರು ತೆಗೀಬಾರ್ದು ಅಂತ ಯಾರೂ ಹೇಳಿಲ್ಲ. ನಿನ್ನಿಷ್ಟ ಕಣಮ್ಮ, ಬಿದ್ರೆ ಬಿದ್ದಂಗೆ," ಎಂದಳು.

ನಾನು ಏಣಿ ಹತ್ತಿದೆ. ನನ್ನ ಹೆಸರನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಕಣ್ಣ ಮುಂದೆ ಬರೀ ಕಪ್ಪು ಮೆಟ್ಟಿಲುಗಳು, ಅಕ್ಷರವೇ ಕಾಣಿಸುತ್ತಿರಲಿಲ್ಲ. ನಾನು ಇಡಿಸಿದ ಆ ಚೌಕ 'ಮ'ದ ಅಡಿಗೆ ತಾಗಿಯೂ ತಾಗದೆ ನಿಂತಿತ್ತು. 'ಮ' ವಾಲಿ ಅದರ ಮೇಲೆ ಕಾಲಿಡುತ್ತದೆ, ಅಲ್ಲಿ ನೆಲೆ ಸಿಗದೆ ಹಿಂದಕ್ಕೆ ಬೀಳುತ್ತದೆ. ಒಲೆಗೆ ಮೂರು ಗುಂಡು ಹೂಡಿದರೆ ಮಡಕೆ ಭದ್ರ, ಭಯಕ್ಕೆ ನಾಲ್ಕನೆಯದು ತಂದಿಟ್ಟರೆ ಕುಂಟುತ್ತದೆ. ಹುಟ್ಟಿದಾಗಿನಿಂದ ಒಲೆ ಹೂಡುವ ನನಗೆ ಇದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದರೂ ಕೈ ಏಳಲಿಲ್ಲ. ತೆಗೆದ ಮೇಲೆ ಬಿದ್ದರೆ ನಾನೇ ಬೀಳಿಸಿಕೊಂಡ ಹಾಗೆ. ಕೆಳಗೆ ನೋಡಿದೆ. ರುಕ್ಮಾಂಗದ ಬೋರ್ಡನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ತನ್ನ ಅತ್ಯಂತ ಚೆಂದದ ಅಕ್ಷರದ ಪಾದವನ್ನು ಕತ್ತರಿಸಿದ ಮನುಷ್ಯ ಅವನು. ಅವನನ್ನು ನಂಬದೆ ಇನ್ನು ಯಾರನ್ನು ನಂಬಲಿ ಎಂದುಕೊಂಡು ಉಗುರು ಹಾಕಿ ಚೌಕವನ್ನು ಕಿತ್ತೆ.

'ಮ' ಗಡಗಡ ನಡುಗಿತು. ಒಂದು ಕೂದಲೆಳೆಯಷ್ಟು ಕೆಳಗಿಳಿಯಿತು. ಇಳಿದು, ತನ್ನ ಬಲಗಾಲನ್ನು ಒತ್ತಿನ ತಲೆಯ ಮೇಲೆ ಪೂರ್ತಿಯಾಗಿ ಊರಿ, ಸುಮ್ಮನಾಯಿತು. ನಾನು ಏಣಿಯ ಮೇಲೆಯೇ ನಿಂತಿದ್ದೆ, ಇಳಿಯಲು ಧೈರ್ಯ ಬರಲಿಲ್ಲ. ಬೀದಿಯಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತ್ತು. ಕೊನೆಯ ಬಸ್ಸು ಬಂದು ಗೋಡೆಯೇ ನಡುಗುವ ಹಾಗೆ ಹಾರನ್ ಹೊಡೆದುಕೊಂಡು ಹೋಯಿತು. ಅಕ್ಷರ ಮಿಸುಕಲಿಲ್ಲ. ಬೀದಿದೀಪ ಹತ್ತಿತು.

"ನಿಂತೈತೆ!" ಎಂದಳು ಹಾಜಿರಾಬಿ. "ಮಳಿಗೆ ಸಣ್ಣತಾಯಮ್ಮಂದು." ಜನ ಹೋ ಎಂದು ಕೂಗಿದರು. ಹೂವಿನ ಗೌರಮ್ಮ ರುಕ್ಮಾಂಗದನ ತೋಳು ಹಿಡಿದುಕೊಂಡು ತನ್ನ ಬೋರ್ಡಿಗೆ ನಾಳೆಯೇ ಬಾ ಎನ್ನುತ್ತಿದ್ದಳು. ಅವನು ಮೀಸೆ ತಿರುವುತ್ತ, "ಎಲ್ರಿಗೂ ಆಯ್ತದೆ, ಸಾಲಾಗ್ ಬನ್ನಿ," ಎಂದು ಮತ್ತೆ ಹಳೆಯ ರುಕ್ಮಾಂಗದನಾದ. ನಾನು ಕೆಳಗಿಳಿದು ರಸ್ತೆಯಾಚೆ ಹೋಗಿ ತಿರುಗಿ ನೋಡಿದೆ. ದೀಪದ ಬೆಳಕಿನಲ್ಲಿ ಮೆಟ್ಟಿಲೆಲ್ಲ ಕರಗಿ ಸಣ್ಣತಾಯಮ್ಮ ಎಂದು ಇಡೀ ಹೆಸರು ನಿಂತಿತ್ತು. ತಲೆಕಟ್ಟಿಗೆ ತಲೆಕಟ್ಟು ಸಮ, ಕೆಳಗೆ ಎರಡು ಪುಟ್ಟ ಒತ್ತುಗಳು ಕಾಲೂರಿ ನಿಂತು ಮೇಲಿನವನ್ನು ಹೊತ್ತಿದ್ದವು. ನನಗೆ ಅಳು ಬಂತು, ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಕಣ್ಣೊರೆಸಿಕೊಂಡು, ಹಾಜಿರಾಬಿ ಕೊಟ್ಟ ಕೀಲಿಯಿಂದ ಮಳಿಗೆಯ ಬೀಗ ತೆಗೆದೆ. ಬೆಳಿಗ್ಗೆಯೇ ಮಾಡಿಟ್ಟಿದ್ದ ಸಾರಿನ ಪಾತ್ರೆಯನ್ನು ತರಿಸಿ, ಆಗಷ್ಟೇ ಹೂಡಿದ ಹೊಸ ಒಲೆಯ ಮೇಲಿಟ್ಟು ಎಲೆ ಹಾಕಲು ಹೊರಗೆ ಬಂದೆ. ಜನ ಕರಗುತ್ತಿದ್ದರು. ಅಣ್ಣ ಮಾತ್ರ ತಲೆ ಎತ್ತಿಕೊಂಡು ಅಲ್ಲೇ ನಿಂತಿದ್ದ. ಉದಯ ವಿಹಾರದ ಚೀಲ ಜಗಲಿಯ ಮೇಲೆ ಬಿದ್ದಿತ್ತು. ಏನಾದರೂ ತಮಾಷೆ ಮಾಡುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ನೋಡದೆ, ರುಕ್ಮಾಂಗದನ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದ.

"ಮಾಯಿಗಯ್ಯ ಅಂತ ಹಾಕಿದ್ರೆ ನಿಲ್ತದೇನಪ್ಪ?"

"ಯಾಕಣ್ಣ, ನಿಮ್ದು ಆಗ್ಲೇ ಬೋರ್ಡ್ ಅದ್ಯಲ್ಲ?"

"ಅದು ಹೋಟ್ಲು ಹೆಸ್ರು," ಎಂದ ಅಣ್ಣ. "ಇಷ್ಟ್ ವರ್ಷದಿಂದ ದಿನಾ ಬೆಳಗ್ಗೆ ಅದರ ಕೆಳಗೇ ಬಾಗ್ಲು ತೆಗೀತೀನಿ. ನನ್ ಹೆಸ್ರು ಗೋಡೆ ಮೇಲೆ ಹೆಂಗ್ ಕಾಣ್ತದೆ ಅಂತ ನಾನೇ ಒಂದ್ ದಿನಾನೂ ನೋಡಿಲ್ಲ."

ರುಕ್ಮಾಂಗದ ಅವನ ಮುಖವನ್ನೇ ನೋಡಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಂಗೈಯ ಮೇಲೆ ಏನೋ ಚೌಕ ಗೀಚಿದ. "ಯ ಒತ್ತು ಕಷ್ಟ," ಎಂದ. "ಅದು ಪಕ್ಕಕ್ಕೆ ಹೊರಳಿ ಮೇಲಕ್ಕೇಳ್ತದೆ. ಆದ್ರೂ ನಿಲ್ಲಿಸ್ತೀನಿ."

ಅಣ್ಣ ತಲೆಯಾಡಿಸಿದ. ನಾನು ಮೊದಲನೆಯ ಎಲೆಯನ್ನು ಬಾಗಿಲಿಗೆ ಎದುರಾಗಿ ಹಾಕಿ, ನೀರು ಚಿಮುಕಿಸಿ, ಅವನನ್ನು ಕರೆದೆ.

"ಬಾ ಅಣ್ಣ, ಕೂತ್ಕೊ. ನಮ್ಮಲ್ಲಿ ಬಸ್ಸಾರು ಚೆನ್ನಾಗಿರ್ತದೆ."